ದೋಷ, ಲಕ್ಷ್ಯ, ಪರೀಕ್ಷೆ: ಕವಿರಾಜಮಾರ್ಗದಿಂದ ಕಂಪೈಲರ್‌ವರೆಗೆ ದೋಷವಿವರಣೆಯ ಚರಿತ್ರೆ, ರಾಯಬಾಗ ಸೀಮೆಯ ಕನ್ನಡದ ನೆಲೆಯಿಂದ

ಸಾರಲೇಖ

ಪ್ರೋಗ್ರಾಮಿಂಗ್ ಭಾಷೆಗಳ ಕಂಪೈಲರ್‌ಗಳು ಕೊಡುವ ದೋಷಸೂಚನೆಗಳನ್ನು ವಿವರಿಸುವ ಮತ್ತು ಪರೀಕ್ಷಿಸುವ ಪದ್ಧತಿ ಕಳೆದ ದಶಕದಲ್ಲಿ ಗಮನಾರ್ಹವಾಗಿ ಬದಲಾಗಿದೆ. ದೋಷಕ್ಕೆ ಹೆಸರು, ತಪ್ಪು ಉದಾಹರಣೆ, ತಿದ್ದಿದ ಉದಾಹರಣೆ, ಹೇಳಿದ ಕಾರಣಕ್ಕೇ ತಪ್ಪಾಗಿದೆಯೆಂಬುದರ ಪರೀಕ್ಷೆ, ಇವು ಈ ಪದ್ಧತಿಯ ನಾಲ್ಕು ಅಂಗಗಳು. ಇವುಗಳಲ್ಲಿ ಮೊದಲ ಮೂರು ಕನ್ನಡದ ಲಾಕ್ಷಣಿಕ ಪರಂಪರೆಗೆ ಹೊಸವಲ್ಲವೆಂದು ಈ ಲೇಖನದಲ್ಲಿ ತೋರಿಸುತ್ತೇವೆ. ನಾಲ್ಕನೆಯದನ್ನು ಗಡಿನಾಡಿನ ಕನ್ನಡಕ್ಕೆ ಅನ್ವಯಿಸಿ, ಒಂದು ನುಡಿಗೆ ತನ್ನದೇ ದೋಷಗಳುಂಟೆಂದು ತೋರಿಸುವುದು ಅದಕ್ಕೆ ವ್ಯಾಕರಣವುಂಟೆಂಬುದಕ್ಕೆ ಪ್ರಮಾಣವೆಂದು ವಾದಿಸುತ್ತೇವೆ.

ಕೀಲಿಪದಗಳು: ದೋಷವಿವರಣೆ, ಕವಿರಾಜಮಾರ್ಗ, ಶಬ್ದಮಣಿದರ್ಪಣ, ಕಂಪೈಲರ್, ಯೂನಿಕೋಡ್, ಗಡಿನಾಡ ಕನ್ನಡ

1. ಪ್ರಸ್ತಾವನೆ

ರಾಯಬಾಗ ಸೀಮೆಯ ಶಾಲೆಯೊಂದರಲ್ಲಿ ಮಗುವೊಂದು ತನ್ನ ಪ್ರಬಂಧದಲ್ಲಿ ‘ಇದು ನಮ್ಮ ಮನಿ ಐತಿ’ ಎಂದು ಬರೆದರೆ ಆ ವಾಕ್ಯದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಗೆರೆ ಒಂದೇ, ಅದರಡಿಯಲ್ಲಿ ಅಡಗಿರುವ ಸಂಗತಿಗಳು ಮೂರು. ‘ಮನೆ’ ಎಂಬಲ್ಲಿಯ ಪದಾಂತ್ಯದ ಎಕಾರವು ಇಕಾರವಾಗಿದೆ. ಇದು ಧ್ವನಿಗೆ ಸಂಬಂಧಿಸಿದ್ದು. ‘ಇದೆ’ ಎಂಬ ರೂಪದ ಸ್ಥಾನದಲ್ಲಿ ‘ಐತಿ’ ಬಂದಿದೆ. ಇದು ಪದರೂಪಕ್ಕೆ ಸಂಬಂಧಿಸಿದ್ದು. ಶಿಷ್ಟ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದು ನಾಮಪದದಿಂದಲೇ ವಾಕ್ಯ ಮುಗಿಯಬಹುದಾದೆಡೆ ಇಲ್ಲಿ ಕ್ರಿಯಾಪದವೊಂದು ಸೇರಿದೆ. ಇದು ವಾಕ್ಯರಚನೆಗೆ ಸಂಬಂಧಿಸಿದ್ದು. ಗೆರೆಯು ಈ ಮೂರನ್ನೂ ಬೇರ್ಪಡಿಸುವುದಿಲ್ಲ. ಯಾವ ನಿಯಮ ಮುರಿಯಿತು, ಆ ನಿಯಮ ಎಲ್ಲಿಯದು, ತಿದ್ದಿದರೆ ವಾಕ್ಯ ಹೇಗಿರುತ್ತದೆ ಎಂಬುದನ್ನೂ ಹೇಳುವುದಿಲ್ಲ. ‘ತಪ್ಪು’ ಎಂಬುದಷ್ಟೇ ಮಗುವಿಗೆ ದೊರೆಯುವ ಸುದ್ದಿ.

ಕ್ರಮವಿಧಿ ಬರೆಯಲು ಕಲಿಯುವವರಿಗೆ ಈ ಅನುಭವ ಪರಿಚಿತ. ಮೂಲಪಠ್ಯವನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್, ಪಠ್ಯವು ಭಾಷೆಯ ನಿಯಮಕ್ಕೆ ಹೊಂದದಿದ್ದಾಗ ಕೆಲಸ ನಿಲ್ಲಿಸಿ ಒಂದು ಸೂಚನೆ ಕೊಡುತ್ತದೆ. ಬಹುಕಾಲ ಆ ಸೂಚನೆ ‘ರಚನಾದೋಷ’ ಎಂಬ ಒಂದೇ ಮಾತಿಗಿಂತ ಹೆಚ್ಚೇನನ್ನೂ ಹೇಳುತ್ತಿರಲಿಲ್ಲ. ಅಲ್ಲಿಂದ ಅದು ಹೇಗೆ ಬೆಳೆಯಿತೆಂಬುದು ಭಾಷಾವಿಜ್ಞಾನಿಗಳಿಗೂ ಉಪಯುಕ್ತವಾದ ಚರಿತ್ರೆ. ಭಾರತೀಯ ವ್ಯಾಕರಣವನ್ನೂ ಗಣಕಭಾಷೆಗಳನ್ನೂ ಒಟ್ಟಿಗೆ ನೋಡುವವರು ಸಾಮಾನ್ಯವಾಗಿ ಪಾಣಿನಿಯ ಸೂತ್ರಗಳತ್ತ ಹೋಗುತ್ತಾರೆ. ಸರಿಯಾದ ರೂಪಗಳನ್ನು ಹುಟ್ಟಿಸುವ ನಿಯಮಗಳ ಹೋಲಿಕೆ ಅದು. ನಾವು ಇಲ್ಲಿ ಕೇಳುವುದು ಅದರ ಮಗ್ಗುಲಿನ ಪ್ರಶ್ನೆಯನ್ನು: ತಪ್ಪು ರೂಪಗಳನ್ನು ಶಾಸ್ತ್ರ ಹೇಗೆ ದಾಖಲಿಸುತ್ತದೆ?

ಈ ಪ್ರಶ್ನೆಗೆ ರಾಯಬಾಗ ಒಂದು ಉಚಿತವಾದ ನೆಲೆ. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದಾಗ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡ ಮರಾಠಿಗಳೆರಡನ್ನೂ ದಿನಬಳಕೆಯಲ್ಲಿ ಆಡುವ ಮನೆಗಳು ಇಲ್ಲಿ ಇಂದಿಗೂ ಹಲವು. ಇಂಥ ಸೀಮೆಯಲ್ಲಿ ‘ತಪ್ಪು’ ಎಂದಾಗ ಯಾರ ನಿಯಮದಿಂದ ತಪ್ಪು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

2. ಕವಿರಾಜಮಾರ್ಗ: ತಪ್ಪಿನ ಪಕ್ಕದಲ್ಲಿ ತಿದ್ದುಪಡಿ

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಶಾಸ್ತ್ರಗ್ರಂಥ ಕವಿರಾಜಮಾರ್ಗ. ರಾಷ್ಟ್ರಕೂಟ ನೃಪತುಂಗನ (814–878) ಆಸ್ಥಾನದಲ್ಲಿ ಶ್ರೀವಿಜಯನಿಂದ ಸುಮಾರು 850ರಲ್ಲಿ ರಚಿತವಾದ ಈ ಕೃತಿಯನ್ನು ಕೆ. ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇದರ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಗಳಿಗೆ ಮೀಸಲು. ಅವೆರಡಕ್ಕೂ ಮೊದಲು ಬರುವುದು ದೋಷಗಳ ವಿಚಾರ. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸುವ ಗ್ರಂಥಕಾರನು ಕನ್ನಡಕ್ಕೆ ವಿಶಿಷ್ಟವಾದ ಮಾತುಗಳನ್ನು ಹೆಚ್ಚಾಗಿ ಆಡುವುದು ಈ ಮೊದಲ ಪರಿಚ್ಛೇದದಲ್ಲಿಯೇ.

ಇಲ್ಲಿನ ಪದ್ಧತಿ ಗಮನಾರ್ಹವಾದುದು. ದೋಷವೊಂದನ್ನು ಹೆಸರಿಸಿ, ಅದಕ್ಕೆ ಲಕ್ಷ್ಯವಾಗಿ ದೋಷವಿರುವ ಪದ್ಯವೊಂದನ್ನು ಕೊಟ್ಟು, ಹಲವೆಡೆ ಅದೇ ಪದ್ಯವನ್ನು ದೋಷ ನೀಗುವಂತೆ ಮಾರ್ಪಡಿಸಿ ಮತ್ತೆ ಕೊಡಲಾಗಿದೆ. ಎರಡೂ ಪಾಠಗಳ ವಸ್ತು ಒಂದೇ, ಛಂದಸ್ಸು ಒಂದೇ. ವ್ಯತ್ಯಾಸ ದೋಷವಿದ್ದ ಸ್ಥಳದಲ್ಲಿ ಮಾತ್ರ. ಧ್ವನಿಮಾಶಾಸ್ತ್ರದಲ್ಲಿ ನಾವು ಕನಿಷ್ಠ ಯುಗ್ಮವೆಂದು ಕರೆಯುವುದರ ತರ್ಕವೇ ಇದು. ಬೇರೆಲ್ಲವೂ ಸಮಾನವಾಗಿದ್ದಾಗ ಉಳಿಯುವ ಒಂದೇ ಭೇದ ದೋಷವೆಲ್ಲಿದೆಯೆಂಬುದನ್ನು ಬೊಟ್ಟು ಮಾಡಿ ತೋರಿಸುತ್ತದೆ. ತಿದ್ದಿದ ಪಾಠವಿಲ್ಲದಿದ್ದರೆ ಓದುಗನು ದೋಷವನ್ನು ಪದ್ಯದ ಬೇರಾವುದೋ ಭಾಗದಲ್ಲಿ ಹುಡುಕಬಹುದಾಗಿತ್ತು.

ದೋಷಗಳಲ್ಲಿ ಒಂದು, ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ವಿವೇಚನೆಯಿಲ್ಲದೆ ಸಮಾಸದಲ್ಲಿ ಕೂಡಿಸುವುದು. ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ರಸ ಕೆಡುತ್ತದೆಂದು ಕವಿರಾಜಮಾರ್ಗ ಹೇಳುತ್ತದೆ. ನಿಯಮ, ಅದರ ಉಲ್ಲಂಘನೆ, ಉಲ್ಲಂಘನೆಯ ಫಲ, ಮೂರೂ ಇಲ್ಲಿವೆ.

ಇದಕ್ಕಿಂತಲೂ ಮುಖ್ಯವಾದ ಮಾತೊಂದು ಅದೇ ಪರಿಚ್ಛೇದದಲ್ಲಿದೆ. ಕನ್ನಡಗಳಲ್ಲಿ ದೋಷಗಳು ಇಷ್ಟೇ ಎಂದು ನಿರ್ಧರಿಸಿ ಹೇಳಲು ಸಾವಿರ ನಾಲಗೆಯ ವಾಸುಕಿಯೂ ತಿಳಿಯಲಾರದೆ ಬೇಸರಪಡುವನು, ದೇಸಿಯು ಬೇರೆ ಬೇರೆಯಾಗಿರುವುದರಿಂದ, ಎಂಬುದು ಅದರ ತಾತ್ಪರ್ಯ. ‘ಕನ್ನಡಗಳು’ ಎಂಬ ಬಹುವಚನವನ್ನು ಇತಿಹಾಸಕಾರರು ಹಲವು ಬಾರಿ ಎತ್ತಿ ತೋರಿಸಿದ್ದಾರೆ. ನಮಗೆ ಇಲ್ಲಿ ಬೇಕಾದುದು ಅದರ ಹಿಂದಿನ ತರ್ಕ: ದೋಷಗಳ ಪಟ್ಟಿ ಮುಗಿಯದಿರುವುದಕ್ಕೆ ಕಾರಣ ಮಾತನಾಡುವವರ ಅಜ್ಞಾನವಲ್ಲ, ನಿಯಮಗಳೇ ಸೀಮೆಯಿಂದ ಸೀಮೆಗೆ ಭಿನ್ನವಾಗಿರುವುದು. ದೋಷವು ಒಂದು ವ್ಯವಸ್ಥೆಗೆ ಸಾಪೇಕ್ಷವಾದುದೆಂಬ ಅರಿವು ಇಲ್ಲಿದೆ. ಅದೇ ಗ್ರಂಥವು ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ಭಾಗವನ್ನು ತಿರುಳ್ಗನ್ನಡದ ನೆಲೆಯೆಂದು ಗುರುತಿಸುತ್ತದೆ. ಒಕ್ಕುಂದ ಇಂದಿನ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ತಿರುಳನ್ನು ಗುರುತಿಸಿದ ಗ್ರಂಥವೇ ತಿರುಳಿನಾಚೆಗೂ ಕನ್ನಡಗಳುಂಟೆಂದು ಒಪ್ಪಿತು. ಮುಂದಿನ ಶಾಲಾವ್ಯಾಕರಣಗಳು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟವು.

3. ಕೇಶಿರಾಜ: ಸೂತ್ರ, ವೃತ್ತಿ, ಪ್ರಯೋಗ

ಸುಮಾರು 1260ರ ಶಬ್ದಮಣಿದರ್ಪಣದಲ್ಲಿ ದೋಷವಿವರಣೆಯು ಇನ್ನೊಂದು ರೂಪ ಪಡೆಯಿತು. ಕೇಶಿರಾಜನು ನಿಯಮವನ್ನು ಕಂದಪದ್ಯದ ಸೂತ್ರವಾಗಿ ಹೇಳಿ, ಅದನ್ನು ವೃತ್ತಿಯಲ್ಲಿ ಗದ್ಯದಿಂದ ಬಿಡಿಸಿ, ಪ್ರಯೋಗದಲ್ಲಿ ಉದಾಹರಣೆಗಳನ್ನು ಕೊಡುತ್ತಾನೆ. ಈ ಉದಾಹರಣೆಗಳು ಬಹುಪಾಲು ಹಿಂದಿನ ಕವಿಗಳ ಕೃತಿಗಳಿಂದ ಬಂದವು. ತಾನು ಲಕ್ಷ್ಯವಾಗಿ ಇಟ್ಟುಕೊಂಡ ಕವಿಗಳ ಹೆಸರುಗಳನ್ನೂ ಆತ ಆರಂಭದಲ್ಲಿಯೇ ಹೇಳುತ್ತಾನೆ. ಸೂತ್ರವು ಪ್ರಯೋಗದ ಮುಂದೆ ನಿಲ್ಲಬೇಕು. ನಿಲ್ಲದಿದ್ದರೆ ಸೂತ್ರಕ್ಕೆ ಅಪವಾದ ಸೇರಬೇಕು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರಯೋಗಗಳು ಸೂತ್ರದ ಪರೀಕ್ಷೆಗಳು.

ಅರಿಸಮಾಸದ ಪ್ರಕರಣದಲ್ಲಿ ಇದು ಸ್ಪಷ್ಟವಾಗುತ್ತದೆ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಸಲ್ಲದೆಂಬುದು ಸಾಮಾನ್ಯ ನಿಯಮ. ಆದರೆ ಬಿರುದಾವಳಿಗಳಲ್ಲಿ, ಹಿಂದಿನ ಕವಿಗಳು ಬಳಸಿ ರೂಢಿಗೆ ತಂದ ಕಡೆಗಳಲ್ಲಿ ಅದು ಸಲ್ಲುತ್ತದೆಂದು ಕೇಶಿರಾಜ ಒಪ್ಪುತ್ತಾನೆ. ಶ್ರೀವಿಜಯನು ರುಚಿಯ ನೆಲೆಯಿಂದ ಹೇಳಿದ ದೋಷಕ್ಕೆ ನಾಲ್ಕು ಶತಮಾನಗಳ ಬಳಿಕ ಸನ್ನಿವೇಶದ ಎಲ್ಲೆಗಳು ದೊರೆತವು. ದೋಷ ಎಲ್ಲಿ ದೋಷವಲ್ಲವೆಂಬುದನ್ನು ಬರೆದಿಡುವುದು ಇಲ್ಲಿ ನಡೆದ ಪ್ರಗತಿ.

ಇನ್ನೊಂದು ಪ್ರಕರಣ ೞಕಾರದ್ದು. ಕೇಶಿರಾಜನ ಕಾಲಕ್ಕೆ ಈ ಧ್ವನಿಯು ಆಡುಮಾತಿನಿಂದ ಜಾರುತ್ತಿತ್ತು. ಬಾೞ್, ಕೋೞಿ ಮೊದಲಾದವುಗಳಲ್ಲಿ ಅದು ಳಕಾರದೊಡನೆ ಬೆರೆತು ಬಾಳ್, ಕೋಳಿ ಎಂದಾಯಿತು. ವ್ಯಂಜನದ ಹಿಂದೆ ರೇಫವಾಗಿ, ಗೞ್ದೆ ಎಂಬುದು ಗರ್ದೆಯ ಮೂಲಕ ಗದ್ದೆಯಾಯಿತು. ಕಿವಿಗೆ ಕೇಳದ ಭೇದವನ್ನು ಬರಹದಲ್ಲಿ ಉಳಿಸಬೇಕಾದಾಗ ನಿಯಮ ಸಾಲದು, ಪಟ್ಟಿ ಬೇಕು. ಕೇಶಿರಾಜನು ೞಕಾರವಿರುವ ಪದಗಳನ್ನು ಎಣಿಸಿ ಕೊಟ್ಟದ್ದು ಈ ಅಗತ್ಯದಿಂದ. ಒಂದು ಸ್ಥಿತಿಯಲ್ಲಿ ಸಹಜವಾಗಿದ್ದ ರೂಪ ಮುಂದಿನ ಸ್ಥಿತಿಯಲ್ಲಿ ಕಲಿಯಬೇಕಾದ ರೂಪವಾಗುತ್ತದೆ. ಆ ಸ್ಥಿತಿಯಲ್ಲಿ ಸಹಜವಾದುದು ಹಿಂದಿನದರ ದೃಷ್ಟಿಯಿಂದ ದೋಷವಾಗುತ್ತದೆ. ದೋಷಕ್ಕೆ ಸೀಮೆಯಂತೆ ಕಾಲವೂ ಒಂದು ಎಲ್ಲೆ.

ಈ ಪದ್ಧತಿಯ ಮಿತಿಯೂ ಇಲ್ಲಿಯೇ ಇದೆ. ಪರೀಕ್ಷೆಗೆ ಪ್ರಮಾಣವಾದದ್ದು ಕವಿಗಳ ಬರಹ. ಯಾರ ಪ್ರಯೋಗ ಕೃತಿಯಾಗಿ ಉಳಿಯಲಿಲ್ಲವೋ ಅವರ ಕನ್ನಡ ಲಕ್ಷ್ಯವೂ ಆಗಲಿಲ್ಲ, ಲಕ್ಷಣಕ್ಕೆ ಸವಾಲೂ ಆಗಲಿಲ್ಲ. ಕನ್ನಡದ ವ್ಯಾಕರಣಗಳು ಸಂಸ್ಕೃತದ ಚೌಕಟ್ಟಿನಿಂದ ಅಳೆದವೆಂಬ ಡಿ. ಎನ್. ಶಂಕರ ಭಟ್ಟರ ಆಕ್ಷೇಪದೊಡನೆ ಈ ಮಾತನ್ನೂ ಸೇರಿಸಿ ನೋಡಬೇಕು: ಚೌಕಟ್ಟು ಯಾವುದಾದರೂ ಇರಲಿ, ಪರೀಕ್ಷೆಗೆ ತಂದ ಉದಾಹರಣೆಗಳು ಯಾರವು?

4. ಕಂಪೈಲರ್‌ಗಳಲ್ಲಿ ದೋಷವಿವರಣೆ

ಈ ಪ್ರಶ್ನೆಯನ್ನು ಇಟ್ಟುಕೊಂಡು ಗಣಕಭಾಷೆಗಳತ್ತ ಬಂದರೆ ಅಲ್ಲಿಯೂ ಇಂಥದೇ ಬೆಳವಣಿಗೆಯನ್ನು ಬಹು ಕಡಿಮೆ ಅವಧಿಯಲ್ಲಿ ಕಾಣುತ್ತೇವೆ. ಐಬಿಎಂ 1957ರಲ್ಲಿ ಫೋರ್ಟ್ರಾನ್ ಕಂಪೈಲರನ್ನು ಹೊರತಂದ ಕಾಲಕ್ಕೆ ಗಣಕದ ಸ್ಮೃತಿ ಬಹಳ ಚಿಕ್ಕದು. ಉದ್ದದ ವಿವರಣೆಗಳನ್ನು ಅದರಲ್ಲಿ ಇಡುವುದು ಸಾಧ್ಯವಿರಲಿಲ್ಲ. ಚುಟುಕಾದ ಸಂಕೇತವನ್ನು ಯಂತ್ರ ಕೊಟ್ಟರೆ ಅದರ ಅರ್ಥವನ್ನು ಮನುಷ್ಯ ಕೈಪಿಡಿಯಲ್ಲಿ ಹುಡುಕಬೇಕಾಗುತ್ತಿತ್ತು. ರಂಧ್ರಪತ್ರಗಳ ಕಟ್ಟನ್ನು ಕೊಟ್ಟು ಫಲಕ್ಕಾಗಿ ಕಾಯಬೇಕಾಗಿದ್ದ ವಿದ್ಯಾರ್ಥಿಗೆ ಒಂದು ಅಸ್ಪಷ್ಟ ಸೂಚನೆ ಎಂದರೆ ಒಂದು ದಿನದ ನಷ್ಟ. 1965ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ವಾಟ್‌ಫೋರ್ ಕಂಪೈಲರ್ ವಿದ್ಯಾರ್ಥಿಗಳಿಗೆ ತಿಳಿಯುವ ದೋಷಸೂಚನೆಗಳಿಗೆ ಹೆಸರಾದದ್ದು ಈ ಹಿನ್ನೆಲೆಯಲ್ಲಿ. ಆದರೂ ದೋಷಸೂಚನೆಯು ಭಾಷೆಯ ವಿನ್ಯಾಸದಲ್ಲಿ ಕೊನೆಗೆ ನೆನಪಾಗುವ ಕೆಲಸವಾಗಿಯೇ ಬಹುಕಾಲ ಉಳಿಯಿತು.

2015ರ ಸುಮಾರಿಗೆ ಎಲ್ಮ್ ಮತ್ತು ರಸ್ಟ್ ಭಾಷೆಗಳು ಇದನ್ನು ಮುಂದಕ್ಕೆ ತಂದವು. ರಸ್ಟ್‌ನ ಪದ್ಧತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಆ ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರ ಮೇ ತಿಂಗಳಲ್ಲಿ ಬಂದಿತು. ಅದರ ಕಂಪೈಲರ್‌ನಲ್ಲಿ ಬಹುಪಾಲು ದೋಷಗಳಿಗೆ ಒಂದೊಂದು ಸಂಖ್ಯೆಯಿದೆ. ಪ್ರತಿ ಸಂಖ್ಯೆಗೂ ಒಂದು ವಿವರಣೆಯಿದೆ. ಈ ವಿವರಣೆಗಳು ಹೇಗಿರಬೇಕೆಂಬುದನ್ನು 2016ರಲ್ಲಿ ಆ ಸಮುದಾಯದ 1567ನೆಯ ಪ್ರಸ್ತಾವ ಒಂದು ಮಾದರಿಗೆ ತಂದಿತು: ದೋಷವೇನೆಂಬ ಒಂದು ಮಾತು, ಅದನ್ನು ಹುಟ್ಟಿಸುವ ಚಿಕ್ಕ ಉದಾಹರಣೆ, ಕಾರಣದ ವಿವರಣೆ, ತಿದ್ದಿದ ಉದಾಹರಣೆ.

ಒಂದು ನಿದರ್ಶನ ನೋಡೋಣ. ಇ0382 ಎಂಬ ಸಂಖ್ಯೆಯ ದೋಷವು ಒಂದು ಮೌಲ್ಯದ ಒಡೆತನವನ್ನು ಬೇರೊಂದು ಹೆಸರಿಗೆ ವರ್ಗಾಯಿಸಿದ ಮೇಲೆ ಹಳೆಯ ಹೆಸರಿನಿಂದಲೇ ಅದನ್ನು ಬಳಸಹೊರಟಾಗ ಬರುತ್ತದೆ. ಹೊಲ ಮಾರಿ ಖಾತೆ ಬದಲಾದ ಮೇಲೆ ಹಳೆಯ ಉತಾರ ತೋರಿಸಿ ಸಾಲ ಕೇಳಿದಂತೆ. ವಾಕ್ಯರಚನೆಯಲ್ಲಿ ಅಂಥ ಕ್ರಮವಿಧಿಗೆ ಯಾವ ಕುಂದೂ ಇಲ್ಲ. ಪ್ರತಿ ಸಾಲೂ ಬಿಡಿಯಾಗಿ ಸರಿ. ದೋಷವಿರುವುದು ಸಾಲುಗಳ ನಡುವಿನ ಸಂಬಂಧದಲ್ಲಿ. ಇದನ್ನು ‘ರಚನಾದೋಷ’ ಎಂದು ಕರೆದಿದ್ದರೆ ಕಲಿಯುವವನು ಅಲ್ಪವಿರಾಮಗಳನ್ನು ಹುಡುಕುತ್ತ ಕೂರುತ್ತಿದ್ದ.

ಈ ಮಾದರಿಯ ಮೊದಲ ಮೂರು ಅಂಗಗಳು ಶ್ರೀವಿಜಯನಲ್ಲಿಯೂ ಇವೆ. ಹೊಸದಾದದ್ದು ನಾಲ್ಕನೆಯ ಅಂಗ. ವಿವರಣೆಯೊಳಗಿನ ಉದಾಹರಣೆಗಳನ್ನು ಕಂಪೈಲರ್ ತಾನೇ ಓದಿ ಪರೀಕ್ಷಿಸುತ್ತದೆ. ತಿದ್ದಿದ ಉದಾಹರಣೆ ದೋಷವಿಲ್ಲದೆ ಸಾಗಬೇಕು. ತಪ್ಪು ಉದಾಹರಣೆ ವಿಫಲವಾಗಲೇಬೇಕು; ಅಷ್ಟೇ ಅಲ್ಲ, ಅದರ ಮೇಲೆ ಬರೆದಿರುವ ಸಂಖ್ಯೆಯ ದೋಷದಿಂದಲೇ ವಿಫಲವಾಗಬೇಕು. ಕೊನೆಯ ಷರತ್ತು ಮುಖ್ಯ. ‘ವಿಫಲವಾದರೆ ಸಾಕು’ ಎಂಬ ಪರೀಕ್ಷೆಯಲ್ಲಿ, ಉದಾಹರಣೆ ಬರೆದವನು ಆಕಸ್ಮಿಕವಾಗಿ ಒಂದು ಆವರಣಚಿಹ್ನೆ ಬಿಟ್ಟಿದ್ದರೂ ಅದು ವಿಫಲವಾಗಿ ಪರೀಕ್ಷೆ ಗೆದ್ದಂತೆ ತೋರುತ್ತದೆ. ತೋರಿಸಬೇಕಾಗಿದ್ದ ದೋಷ ಅಲ್ಲಿ ಇರುವುದೇ ಇಲ್ಲ.

ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ಕಂಪೈಲರ್ ಕೊಡುವ ಸೂಚನೆಯ ಪೂರ್ಣ ಪಾಠವನ್ನೇ ಕಡತದಲ್ಲಿ ಇರಿಸಿ, ಮುಂದೆ ಬದಲಾವಣೆಯಾದಾಗಲೆಲ್ಲ ಹೊಸ ಪಾಠವನ್ನು ಹಳೆಯದರೊಡನೆ ಹೋಲಿಸಲಾಗುತ್ತದೆ. ಹೊಸ ಪಾಠವೇ ಸರಿಯೆನಿಸಿದರೆ ಅದನ್ನು ಪ್ರಮಾಣವಾಗಿ ಸ್ವೀಕರಿಸುವ ಆಜ್ಞೆಗೆ ರಸ್ಟ್ ಸಮುದಾಯ ಇಟ್ಟ ಹೆಸರು ‘ಬ್ಲೆಸ್’, ಎಂದರೆ ‘ಹರಸು’. ಹರಸುವ ಕೆಲಸ ಯಂತ್ರದ್ದಲ್ಲ, ಮನುಷ್ಯರದು. ಓದದೆ ಹರಸಿದರೆ ತಪ್ಪೇ ಪ್ರಮಾಣವಾಗುತ್ತದೆ. ಪರೀಕ್ಷೆಗೆ ಒಳಪಟ್ಟ ವಿವರಣೆಯಲ್ಲಿಯೂ ಅಧಿಕಾರದ ಪ್ರಶ್ನೆ ಕರಗುವುದಿಲ್ಲ. ಯಾವ ಕ್ಷಣದಲ್ಲಿ ಯಾರು ಒಪ್ಪಿದರೆಂಬುದು ದಾಖಲಾಗುತ್ತದೆ, ಅಷ್ಟೇ. ಹಾಗೆಯೇ, ಕಂಪೈಲರ್ ಈಗ ಕೊಡದಿರುವ ಹಳೆಯ ದೋಷಗಳ ವಿವರಣೆಗಳನ್ನು ಅಳಿಸುವುದಿಲ್ಲ. ‘ಈ ದೋಷ ಈಗ ಬರುವುದಿಲ್ಲ’ ಎಂಬ ಟಿಪ್ಪಣಿಯೊಡನೆ ಉಳಿಸಲಾಗುತ್ತದೆ. ಭಾಷೆ ಬದಲಾದುದಕ್ಕೆ ಅವು ಸಾಕ್ಷಿ.

5. ಕನ್ನಡ ಲಿಪಿಯ ಎರಡು ದೋಷಗಳು

ಈ ಎರಡು ಪರಂಪರೆಗಳು ಕೇವಲ ಹೋಲಿಕೆಯಲ್ಲಿ ಮಾತ್ರವಲ್ಲದೆ ಕನ್ನಡದ ಅಕ್ಷರಗಳಲ್ಲಿಯೇ ಸಂಧಿಸುವ ಎರಡು ಸಂದರ್ಭಗಳಿವೆ.

ಮೊದಲನೆಯದು ಮತ್ತೆ ೞಕಾರವೇ. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನೂ ಒಂದು ಅಧಿಕೃತ ಹೆಸರನ್ನೂ ಕೊಡುತ್ತದೆ. ದಶಮಾನ ಪದ್ಧತಿಯಲ್ಲಿ 3294 ಎಂಬ ಸಂಖ್ಯೆಯಲ್ಲಿರುವ ೞಕಾರಕ್ಕೆ ದೊರೆತ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಎಂದರೆ ‘ಫ’ ಎಂಬ ಅಕ್ಷರ. ಇದು ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ಸ್ಥಿರತೆಯ ನಿಯಮ. ಬದಲಿಸಿದರೆ ಆ ಹೆಸರನ್ನು ನೆಚ್ಚಿ ಬರೆದ ಕ್ರಮವಿಧಿಗಳು ಮುರಿಯುತ್ತವೆ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದಿದೆ. ಅದರ ಪಕ್ಕದಲ್ಲಿ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರನ್ನು ‘ತಿದ್ದುಪಡಿ’ ಎಂಬ ಗುರುತಿನೊಡನೆ ಪರ್ಯಾಯನಾಮಗಳ ಅಧಿಕೃತ ಪಟ್ಟಿಯಲ್ಲಿ ಸೇರಿಸಲಾಗಿದೆ. ಪೈಥಾನ್ ಭಾಷೆಯ 3.3ನೆಯ ಆವೃತ್ತಿಯಿಂದ ಈಚೆಗೆ ಎರಡೂ ಹೆಸರುಗಳಿಂದ ಈ ಅಕ್ಷರವನ್ನು ಕರೆಯಬಹುದು. ಅಕ್ಷರದ ಹೆಸರೇನೆಂದು ಕೇಳಿದರೆ ಮಾತ್ರ ಅದು ಇಂದಿಗೂ ಹಳೆಯ ತಪ್ಪು ಹೆಸರನ್ನೇ ಹೇಳುತ್ತದೆ. ಕೇಶಿರಾಜನು ಮರೆವಿನಿಂದ ಕಾಪಾಡಲು ಪಟ್ಟಿಮಾಡಿದ ಅಕ್ಷರ ಏಳು ಶತಮಾನಗಳ ಬಳಿಕ ಹೊಸ ಮರೆವಿಗೆ ಗುರಿಯಾಗಿ, ಮತ್ತೊಂದು ಪಟ್ಟಿಯಿಂದ ಉಳಿಯಿತು.

ಎರಡನೆಯದು ಕಾಣದ ಅಕ್ಷರವೊಂದರದು. ಪೈಥಾನ್ 3 ಮತ್ತು 2021ರಿಂದ ಈಚೆಗಿನ ರಸ್ಟ್ ಭಾಷೆಗಳಲ್ಲಿ ಕ್ರಮವಿಧಿಯೊಳಗಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡಬಹುದು. ‘ರಾಯಬಾಗ’, ‘ಅಥಣಿ’, ‘ನಿಪ್ಪಾಣಿ’ ಎಂಬ ಹೆಸರುಗಳಿಗೆ ಯಾವ ತೊಡಕೂ ಇಲ್ಲ. ‘ಕಂಪೈಲರ್‌ನಲ್ಲಿ’ ಎಂದು ಹೆಸರಿಟ್ಟರೆ ದೋಷ. ಇದರಲ್ಲಿ ರಕಾರದ ಹಲಂತಕ್ಕೂ ನಕಾರಕ್ಕೂ ನಡುವೆ, ಅವು ಒತ್ತಕ್ಷರವಾಗಿ ಕೂಡದಂತೆ ತಡೆಯುವ, 8204 ಸಂಖ್ಯೆಯ ಶೂನ್ಯಗಾತ್ರದ ಅಕ್ಷರವಿದೆ. ಅನ್ಯದೇಶ್ಯ ಪದಕ್ಕೆ ಪ್ರತ್ಯಯ ಹತ್ತುವ ಕಡೆಗಳಲ್ಲಿ ಇಂದಿನ ಕನ್ನಡ ಬರಹ ಇದನ್ನು ಧಾರಾಳವಾಗಿ ಬಳಸುತ್ತದೆ. ಈ ಲೇಖನದಲ್ಲಿಯೂ ಅದು ಹಲವೆಡೆ ಇದೆ. ಕಣ್ಣಿಗೆ ಕಾಣದ ಅಕ್ಷರಗಳಿಂದ ಎರಡು ಬೇರೆ ಹೆಸರುಗಳು ಒಂದೇ ಎಂಬಂತೆ ತೋರುವ ಅಪಾಯವಿರುವುದರಿಂದ ಪೈಥಾನ್, ರಸ್ಟ್‌ಗಳ ನಿಯಮ ಅದನ್ನು ಹೆಸರುಗಳಲ್ಲಿ ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್‌ನ ನಿಯಮ ಒಪ್ಪುತ್ತದೆ.

ಪೈಥಾನ್‌ನ ಹಳೆಯ ಆವೃತ್ತಿಗಳು ಈ ಸಂದರ್ಭದಲ್ಲಿ ಹೆಸರಿನಲ್ಲಿ ಅಮಾನ್ಯ ಅಕ್ಷರವಿದೆಯೆಂದಷ್ಟೇ ಹೇಳುತ್ತಿದ್ದವು. ಬರೆದವನಿಗೆ ಕಾಣುವುದು ಕನ್ನಡ ಅಕ್ಷರಗಳು ಮಾತ್ರ. ಕನ್ನಡವೇ ಸಲ್ಲದೇನೋ ಎಂದು ಆತ ಭಾವಿಸಿದರೆ ತಪ್ಪಲ್ಲ. ಮುಂದಿನ ಆವೃತ್ತಿಗಳ ಸೂಚನೆ ಮುದ್ರಣವಾಗದ ಅಕ್ಷರವೊಂದು ಇದೆಯೆಂದು ಹೇಳಿ ಅದರ ಸಂಖ್ಯೆಯನ್ನೂ ಕೊಡುತ್ತದೆ. ನಿಯಮ ಬದಲಾಗಲಿಲ್ಲ, ಸೂಚನೆ ಬದಲಾಯಿತು. ಆದರೆ ಮೊದಲ ಸೂಚನೆಯಿಂದ ಲಿಪಿಯ ಮೇಲೆ ಬೀಳಬಹುದಾಗಿದ್ದ ಆರೋಪ ಎರಡನೆಯದರಿಂದ ಒಂದು ಅಕ್ಷರಕ್ಕೆ ಸೀಮಿತವಾಯಿತು. ಶಾಲೆಯ ಕೆಂಪು ಗೆರೆಗೆ ಬೇಕಾಗಿರುವ ಬದಲಾವಣೆಯೂ ಇದೇ ಬಗೆಯದು.

6. ಗಡಿನಾಡ ಕನ್ನಡದ ದೋಷಗಳು

ಕಾಗವಾಡದಿಂದ ಆಚೆಗೆ, ಮಿರಜ ಸಾಂಗಲಿಗಳ ಮಗ್ಗುಲಲ್ಲಿರುವ ಕುಪವಾಡ ಭಾಷಾವಿಜ್ಞಾನದ ಓದುಗರಿಗೆ ಗಂಪರ್ಜ್ ಮತ್ತು ವಿಲ್ಸನ್ ಅವರ 1971ರ ಅಧ್ಯಯನದಿಂದ ಪರಿಚಿತ. ಆಗ ಸುಮಾರು ಮೂರು ಸಾವಿರ ಜನರಿದ್ದ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ನೆರೆಯಿಂದ ಒಂದೇ ವಾಕ್ಯರಚನೆಗೆ ಬಂದು, ಪದಕೋಶದಲ್ಲಿ ಮಾತ್ರ ಬೇರೆಯಾಗಿ ಉಳಿದಿವೆಯೆಂದು ಅವರು ತೋರಿಸಿದರು. ಅಲ್ಲಿನ ಉರ್ದು ಲಿಂಗವಿವಕ್ಷೆಯಲ್ಲಿ ಕನ್ನಡದ ಕಡೆಗೆ ಬಂದಿತ್ತು. ಅಲ್ಲಿನ ಕನ್ನಡ, ನಾಮಪದದಿಂದ ಮುಗಿಯುವ ವಾಕ್ಯಕ್ಕೆ ಮರಾಠಿ ಉರ್ದುಗಳಂತೆ ‘ಇರು’ ಧಾತುವಿನ ರೂಪವನ್ನು ಸೇರಿಸುತ್ತಿತ್ತು. ರಾಯಬಾಗ ಸೀಮೆಯಲ್ಲಿ ಕೇಳಿಬರುವ ‘ಇದು ನಮ್ಮ ಮನಿ ಐತಿ’ ಈ ಬಗೆಯದು. ಮರಾಠಿಯ ‘ಹೇ ಆಮಚಂ ಘರ ಆಹೇ’ ಎಂಬುದರೊಡನೆ ಇದನ್ನು ಪದಕ್ಕೆ ಪದ ಹೊಂದಿಸಬಹುದು.

ಹಾಗಾದರೆ ಇದು ಕನ್ನಡದ ಪದಗಳನ್ನು ತೊಟ್ಟ ಮರಾಠಿಯೇ? ಶಾಲೆಯ ಕೆಂಪು ಗೆರೆ ಮೌನವಾಗಿ ಹಾಗೆ ಸೂಚಿಸುತ್ತದೆ. ಇಲ್ಲಿ ಕಂಪೈಲರ್‌ಗಳಿಂದ ಕಲಿತ ನಾಲ್ಕನೆಯ ಅಂಗವನ್ನು ತರುತ್ತೇವೆ: ವಿಫಲವಾಗಲೇಬೇಕಾದ ಉದಾಹರಣೆ. ‘ಐತಿ’ಯಿಂದ ಮುಗಿಯುವ ಎರಡು ವಾಕ್ಯಗಳನ್ನು ನಿಷೇಧಕ್ಕೆ ತಿರುಗಿಸಿ ನೋಡೋಣ. ‘ಅಲ್ಲಿ ನಮ್ಮ ಮನಿ ಐತಿ’ ಎಂಬುದರ ನಿಷೇಧ ‘ಅಲ್ಲಿ ನಮ್ಮ ಮನಿ ಇಲ್ಲ’. ‘ಇದು ನಮ್ಮ ಮನಿ ಐತಿ’ ಎಂಬುದರ ನಿಷೇಧ ‘ಇದು ನಮ್ಮ ಮನಿ ಅಲ್ಲ’. ಎರಡನೆಯದರಲ್ಲಿ ‘ಅಲ್ಲ’ ಇರಬೇಕಾದ ಕಡೆ ‘ಇಲ್ಲ’ ಎಂದರೆ ರಾಯಬಾಗದ ಕನ್ನಡಿಗರು ಒಪ್ಪುವುದಿಲ್ಲ. ಮರಾಠಿಯಲ್ಲಿ ‘ನವ್ಹೇ’ ಎಂಬ ರೂಪವಿದ್ದರೂ ಆಡುಮಾತಿನ ‘ನಾಹೀ’ ಎರಡು ಕಡೆಗೂ ಸಲ್ಲುತ್ತದೆ. ಅಸ್ತಿವಾಕ್ಯದಲ್ಲಿ ಮಸುಕಾದ ಭೇದವನ್ನು ನಿಷೇಧ ಸ್ಪಷ್ಟವಾಗಿ ಉಳಿಸಿಕೊಂಡಿದೆ. ಮರಾಠಿಯ ನೆರಳು ಬಿದ್ದಿರುವುದು ನಿಜ. ಅದು ಎಲ್ಲಿಯವರೆಗೆ ಬಿದ್ದಿದೆಯೆಂಬುದನ್ನು ಹೇಳುವುದು ವಿಫಲವಾದ ಉದಾಹರಣೆ.

ಧ್ವನಿಯ ನಿಯಮಕ್ಕೂ ಹೀಗೆಯೇ ಪರೀಕ್ಷೆ ಬರೆಯಬಹುದು. ಮನೆ, ತಲೆ, ಎಲೆಗಳು ಮನಿ, ತಲಿ, ಎಲಿ ಎಂದಾಗುತ್ತವೆ. ಸಪ್ತಮಿಯಲ್ಲಿ ಮನ್ಯಾಗ, ತಲ್ಯಾಗ ಎಂದು ಯಕಾರ ಬರುತ್ತದೆ. ‘ಹೊಲ’ ಎಂಬುದು ‘ಹೊಲದಾಗ’ ಎಂದಾಗುತ್ತದೆ. ‘ಊರು’ ಎಂಬುದು ‘ಊರಾಗ’. ‘ಹೊಲಾಗ’ ಎಂದರೂ ‘ಮನಿದಾಗ’ ಎಂದರೂ ತಪ್ಪು. ಈ ತಪ್ಪುಗಳನ್ನು ಶಾಲೆ ಕಲಿಸಿದ್ದಲ್ಲ. ಊರಿನ ನಾಲ್ಕು ವರ್ಷದ ಮಗು ಆಡಿದರೆ ಅಜ್ಜಿ ತಿದ್ದುವ ತಪ್ಪುಗಳು ಇವು. ಶಿಷ್ಟ ಕನ್ನಡದ ‘ಹೊಲದಲ್ಲಿ’, ‘ಮನೆಯಲ್ಲಿ’, ‘ಊರಿನಲ್ಲಿ’ ಎಂಬ ರೂಪಗಳಲ್ಲಿ ಪ್ರಕೃತಿಯ ಮುಂದೆ ದಕಾರ, ಯಕಾರ, ನಕಾರಗಳು ಬರುವಂತೆಯೇ ಇಲ್ಲಿಯೂ ಪ್ರಕೃತಿಯ ವರ್ಗಕ್ಕೆ ತಕ್ಕ ಭೇದವಿದೆ. ಶಿಷ್ಟವನ್ನು ಕೆಡಿಸಿದ್ದರಿಂದ ಉಂಟಾದ ಅಸ್ತವ್ಯಸ್ತತೆಯಾಗಿದ್ದರೆ ‘ಹೊಲಾಗ’ ಎಂಬುದೂ ಸಲ್ಲಬೇಕಾಗಿತ್ತು. ಸಲ್ಲುವುದಿಲ್ಲ. ಎಲ್ಲವೂ ಸಲ್ಲುವ ನುಡಿಗೆ ನಿಯಮವಿಲ್ಲ. ತನ್ನದೇ ತಪ್ಪುಗಳನ್ನು ಗುರುತಿಸುವ ನುಡಿಗೆ ನಿಯಮವಿದೆ.

ಇಲ್ಲಿ ನಮ್ಮ ಶಾಸ್ತ್ರದ ಒಂದು ಅಭ್ಯಾಸವನ್ನೂ ಮರುಪರಿಶೀಲಿಸಬೇಕಾಗಿದೆ. ಐತಿಹಾಸಿಕ ಭಾಷಾವಿಜ್ಞಾನದಲ್ಲಿ ನಕ್ಷತ್ರಚಿಹ್ನೆಯನ್ನು ಪುನಾರಚಿತ ರೂಪಗಳಿಗೆ ಹಾಕುತ್ತೇವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಅದನ್ನೇ ವ್ಯಾಕರಣಬಾಹಿರ ವಾಕ್ಯಗಳಿಗೂ ಹಾಕುತ್ತಿದ್ದೇವೆ. ಎರಡನೆಯ ಬಳಕೆಯಲ್ಲಿ ನಕ್ಷತ್ರವು ಸಂಖ್ಯೆಯಿಲ್ಲದ ದೋಷಸೂಚನೆ. ವಾಕ್ಯವನ್ನು ಭಾಷಿಕರು ತಿರಸ್ಕರಿಸಿದರೆಂದು ಅದು ಹೇಳುತ್ತದೆ. ಯಾವ ಕಾರಣಕ್ಕೆಂದು ಹೇಳುವುದಿಲ್ಲ. ಗಡಿಸೀಮೆಯ ಕ್ಷೇತ್ರಕಾರ್ಯದಲ್ಲಿ ಇದು ಸಣ್ಣ ಕೊರತೆಯಲ್ಲ. ಪರೀಕ್ಷಿಸಬೇಕಾದ ರಚನೆ ಸರಿಯಾಗಿಯೇ ಇದ್ದು, ವಾಕ್ಯದಲ್ಲಿ ಮರಾಠಿಯ ಪದವೊಂದಿದೆಯೆಂದು ಅಥವಾ ‘ಇದು ಶಾಲೆಯ ಭಾಷೆಯಲ್ಲ’ ಎಂದು ಭಾಷಿಕರು ಅದನ್ನು ಬೇಡವೆನ್ನಬಹುದು. ತಪ್ಪಾದ ಕಾರಣಕ್ಕೆ ವಿಫಲವಾದ ಉದಾಹರಣೆ ನಮ್ಮ ದತ್ತಾಂಶದಲ್ಲಿ ಸರಿಯಾದ ಪ್ರಮಾಣದಂತೆ ಕುಳಿತುಬಿಡುತ್ತದೆ.

7. ಉಪಸಂಹಾರ

ಮೇಲಿನ ಚರಿತ್ರೆಯಿಂದ ನಾವು ಸೂಚಿಸುವ ಕ್ರಮ ಸರಳವಾದುದು. ಗಡಿನಾಡಿನ ಕನ್ನಡವನ್ನು ದಾಖಲಿಸುವಾಗ ತಿರಸ್ಕೃತವಾದ ಪ್ರತಿಯೊಂದು ರೂಪದ ಜೊತೆಗೆ ಐದು ಸಂಗತಿಗಳನ್ನು ಬರೆಯಬೇಕು: ಮುರಿದ ನಿಯಮದ ಹೆಸರು, ತಪ್ಪು ಉದಾಹರಣೆ, ಆ ಒಂದು ಸ್ಥಳದಲ್ಲಿ ಮಾತ್ರ ಭಿನ್ನವಾದ ಸರಿಯಾದ ಉದಾಹರಣೆ, ನಿಯಮ ಸಲ್ಲುವ ಸೀಮೆ, ಸನ್ನಿವೇಶ ಮತ್ತು ಕಾಲ, ಬೇರೆ ಕಾರಣಕ್ಕೆ ತಿರಸ್ಕೃತವಾಗಿಲ್ಲವೆಂದು ತಿಳಿಯಲು ಬಳಸಿದ ಪರೀಕ್ಷೆ. ಎರಡನೆಯದೂ ಮೂರನೆಯದೂ ಶ್ರೀವಿಜಯನಿಂದ, ನಾಲ್ಕನೆಯದು ಕೇಶಿರಾಜನಿಂದ, ಮೊದಲನೆಯದು ಇಬ್ಬರಿಂದಲೂ ನಮಗೆ ಬಂದಿವೆ. ಐದನೆಯದನ್ನು ಕಂಪೈಲರ್ ಬರೆಯುವವರಿಂದ ಪಡೆಯಬಹುದು. ಹಳೆಯ ದಾಖಲೆಗಳನ್ನು ಅಳಿಸದೆ, ಕಾಲ ಬದಲಾದುದನ್ನು ಸೂಚಿಸಿ ಉಳಿಸುವ ಪದ್ಧತಿಯೂ ಅವರಿಂದ ಕಲಿಯತಕ್ಕದ್ದೇ.

ಇಂಥ ದಾಖಲೆ ಶಿಷ್ಟ ಕನ್ನಡದ ಬೋಧನೆಗೆ ವಿರೋಧಿಯಲ್ಲ. ಮಗುವಿಗೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ‘ಇದು ನಮ್ಮ ಮನೆ’ ಎಂದು ಬರೆಯಲು ಬರಬೇಕು. ಅದನ್ನು ಕಲಿಸದಿರುವುದು ಉಪಕಾರವಲ್ಲ. ಆದರೆ ಕೆಂಪು ಗೆರೆಯ ಪಕ್ಕದಲ್ಲಿ ‘ಊರಿನ ಮಾತಿನಲ್ಲಿ ಸರಿ, ಬರಹದ ಕನ್ನಡದಲ್ಲಿ ಇಲ್ಲಿ ಕ್ರಿಯಾಪದ ಬೇಡ’ ಎಂಬ ಒಂದು ಸಾಲು ಇದ್ದರೆ ಮಗು ಎರಡು ವ್ಯಾಕರಣಗಳನ್ನು ಕಲಿಯುತ್ತದೆ. ಆ ಸಾಲಿಲ್ಲದಿದ್ದರೆ ತನ್ನ ಮನೆಯ ಮಾತಿಗೆ ವ್ಯಾಕರಣವೇ ಇಲ್ಲವೆಂಬುದನ್ನು ಕಲಿಯುತ್ತದೆ. ಆ ಒಂದು ಸಾಲನ್ನು ಶಿಕ್ಷಕರು ಬರೆಯಬೇಕಾದರೆ ಅದರ ಹಿಂದಿನ ವಿವರಣೆಯನ್ನು ಮೊದಲು ನಾವು ಬರೆದಿರಬೇಕು.